ಸ್ಪಾ ಕೋಣೆಯಲ್ಲಿ ಮಂಜು ಬೇಕಾ? ಮೊದಲು ಗಾಳಿ ಎಲ್ಲಿಂದ ಬರುತ್ತೆ ನೋಡಿ

ಪ್ರಶ್ನೆ: ನಾನು ಮುಂಬಯಿಯ ಬೊರಿವಲಿಯಲ್ಲಿ ಹೆಂಗಸರಿಗಾಗಿ ಮೂರು ಕೋಣೆಯ ಸಣ್ಣ ಸ್ಪಾ ನಡೆಸುತ್ತೇನೆ. ಊರು ಕುಂದಾಪುರದ ಹತ್ತಿರ. ಕೋಣೆಗಳು ಎಂಟಕ್ಕೆ ಹತ್ತು ಅಡಿ. ಸ್ಪ್ಲಿಟ್ ಎಸಿ ಇದೆ, ಕಿಟಕಿ ಇಲ್ಲ. ಹತ್ತಿರದ ಮಾಲ್‌ನಲ್ಲಿ ಹೊಸ ಸ್ಪಾ ಬಂದಿದೆ. ಅಲ್ಲಿ ನೆಲದ ಮೇಲೆ ಮಂಜು ಹರಿಯುತ್ತದೆ, ಬಣ್ಣದ ದೀಪ, ಬಟ್ಟಲಿನ ನಾದ ಎಲ್ಲಾ ಇದೆ. ನಮ್ಮ ಗಿರಾಕಿಗಳು ಅದರ ವಿಡಿಯೊ ತೋರಿಸಿ "ನಿಮ್ಮಲ್ಲಿ ಯಾಕಿಲ್ಲ" ಅಂತ ಕೇಳುತ್ತಾರೆ. ಅದಕ್ಕೆ ಪಾದದ ಟ್ರೀಟ್‌ಮೆಂಟ್‌ನಲ್ಲಿ ಡ್ರೈ ಐಸ್ ಶುರು ಮಾಡಿದೆ, ಒಬ್ಬರಿಗೆ ಸುಮಾರು ಅರ್ಧ ಕೆಜಿ. ಎಲ್ಲರಿಗೂ ಖುಷಿ. ಆದರೆ ಸಂಜೆ ಹೊತ್ತಿಗೆ ನಮ್ಮ ಥೆರಪಿಸ್ಟ್ ಹುಡುಗಿಯರು ತಲೆನೋವು ಅನ್ನುತ್ತಾರೆ. ಸಪ್ಲೈ ಮಾಡುವವನು "ಅದು ನಾವು ಬಿಡೋ ಉಸಿರೇ ತಾನೇ, ಏನೂ ಆಗಲ್ಲ" ಅಂತಾನೆ. ಸುವಾಸನೆ ವಿಷಯದಲ್ಲೂ ಗೊಂದಲ: ಒಬ್ಬರು ಜಾಸ್ತಿ ಅಂತಾರೆ, ಇನ್ನೊಬ್ಬರು ಬರೋದೇ ಇಲ್ಲ ಅಂತಾರೆ. ಪಾದದಿಂದ ವಿಷ ತೆಗೆಯುವ ಮಷೀನ್ ತಗೊಳ್ಳಿ ಅಂತ ಇನ್ನೊಬ್ಬ ಬೆನ್ನು ಬಿದ್ದಿದ್ದಾನೆ. ಕೈಯಲ್ಲಿ ಎಪ್ಪತ್ತು ಸಾವಿರ ಇದೆ. ಏನು ಮಾಡಲಿ? ಮಾಡಿದರೆ ರೇಟ್ ಏರಿಸಬಹುದಾ?

ಉತ್ತರ: ಮೊದಲು ತಲೆನೋವಿನ ವಿಷಯ ಮುಗಿಸೋಣ. ಆ ಹುಡುಗಿಯರು ನೆಪ ಹೇಳುತ್ತಿಲ್ಲ. ಕಿಟಕಿ ಇಲ್ಲದ ಆ ಕೋಣೆಗಳಲ್ಲಿ ಡ್ರೈ ಐಸ್ ಇವತ್ತೇ ನಿಲ್ಲಿಸಿ. ಉಳಿದದ್ದನ್ನು ಆಮೇಲೆ ನಿಧಾನವಾಗಿ ಯೋಚಿಸಬಹುದು.

ಡ್ರೈ ಐಸ್ ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್. ಮೈನಸ್ 78 ಡಿಗ್ರಿ ತಣ್ಣಗಿರುತ್ತದೆ. ಕರಗಿ ನೀರಾಗುವುದಿಲ್ಲ, ನೇರವಾಗಿ ಅನಿಲ ಆಗುತ್ತದೆ. ಒಂದು ಕೆಜಿಯಿಂದ ಸುಮಾರು 540 ಲೀಟರ್ ಅನಿಲ. ಈಗ ನಿಮ್ಮ ಕೋಣೆಯ ಲೆಕ್ಕ ಹಾಕಿ. ಎತ್ತರ ಒಂಬತ್ತು ಅಡಿ ಅಂದುಕೊಂಡರೆ ಒಳಗಿರುವ ಗಾಳಿ ಸುಮಾರು 20,000 ಲೀಟರ್. ಅರ್ಧ ಕೆಜಿ ಪೂರ್ತಿ ಆವಿಯಾದರೆ 270 ಲೀಟರ್, ಅಂದರೆ ಶೇಕಡಾ 1.3ಕ್ಕಿಂತ ಸ್ವಲ್ಪ ಜಾಸ್ತಿ. ಪಿಪಿಎಂ ಲೆಕ್ಕದಲ್ಲಿ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಅನ್ನುವ ಲೆಕ್ಕದಲ್ಲಿ, 13,000 ದಾಟುತ್ತದೆ. ಹೊರಗಿನ ಗಾಳಿಯಲ್ಲಿ ಇರುವುದು 420ರ ಆಸುಪಾಸು. ಎಂಟು ಗಂಟೆ ಕೆಲಸ ಮಾಡುವ ಜಾಗಕ್ಕೆ ಸಾಮಾನ್ಯವಾಗಿ ಪಾಲಿಸುವ ಮಿತಿ 5,000. ಬಾಗಿಲು ತೆರೆದು ಮುಚ್ಚುವಾಗ ಸ್ವಲ್ಪ ಹೊರಗೆ ಹೋಗುತ್ತದೆ ನಿಜ. ಆದರೆ ಅಷ್ಟರಲ್ಲಿ ಮುಂದಿನ ಗಿರಾಕಿ ಬಂದಾಗಿರುತ್ತದೆ, ಮತ್ತೆ ಅರ್ಧ ಕೆಜಿ.

"ನಾವು ಬಿಡೋ ಉಸಿರೇ ತಾನೇ" ಅನ್ನುವ ಮಾತು ಅರ್ಧ ನಿಜ. ಸುಮ್ನೆ ಕೂತ ಒಬ್ಬ ಮನುಷ್ಯ ಗಂಟೆಗೆ ಹೆಚ್ಚುಕಡಿಮೆ 18 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾನೆ. ನಿಮ್ಮ ಬಟ್ಟಲು ಹತ್ತು ಹದಿನೈದು ನಿಮಿಷದಲ್ಲಿ ಬಿಡುವುದು ಒಬ್ಬರು ಹದಿನೈದು ಗಂಟೆ ಉಸಿರಾಡಿದಷ್ಟು. ಇದನ್ನು ಆ ಸಪ್ಲೈಯರ್‌ಗೆ ಹೇಳಿ ನೋಡಿ.

ಇನ್ನು ಗಿರಾಕಿಗಳು ಖುಷಿಯಾಗಿದ್ದು ಹುಡುಗಿಯರಿಗೆ ಮಾತ್ರ ತಲೆನೋವು ಯಾಕೆ? ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಜೊತೆಗೆ ತಣ್ಣಗಿರುತ್ತದೆ. ಹಾಗಾಗಿ ಕೆಳಗೆ ಹರಿದು ನೆಲದ ಹತ್ತಿರ ನಿಲ್ಲುತ್ತದೆ. ಗಿರಾಕಿ ಎತ್ತರದ ಕುರ್ಚಿಯಲ್ಲಿ ಒರಗಿ ಕೂತಿರುತ್ತಾರೆ. ಥೆರಪಿಸ್ಟ್ ಕೆಳಗೆ ಪುಟ್ಟ ಸ್ಟೂಲ್ ಮೇಲೆ ಕೂತು ಬಟ್ಟಲಿನ ಮೇಲೆ ಬಗ್ಗಿ ಪಾದ ಉಜ್ಜುತ್ತಿರುತ್ತಾಳೆ. ಅವಳ ಮೂಗು ಇರುವುದೇ ಅಲ್ಲಿ. ಗಿರಾಕಿ ಅರ್ಧ ಗಂಟೆ ಇದ್ದು ಹೋಗುತ್ತಾರೆ, ಅವಳು ದಿನವಿಡೀ ಇರುತ್ತಾಳೆ. ಇನ್ನೂ ಅಪಾಯದ ಒಂದು ಪದ್ಧತಿಯನ್ನು ನಾನು ಕೆಲವು ಕಡೆ ನೋಡಿದ್ದೇನೆ: ಮಸಾಜ್ ಬೆಡ್‌ನಲ್ಲಿ ಮುಖ ಇಡುವ ತೂತಿನ ಕೆಳಗೇ ಡ್ರೈ ಐಸ್ ಬಟ್ಟಲು ಇಡುವುದು. ಬೋರಲು ಮಲಗಿದವರಿಗೆ ಮಂಜಿನ ಮೇಲೆ ತೇಲಿದ ಹಾಗೆ ಕಾಣುತ್ತದಂತೆ. ಕಾಣುತ್ತದೆ, ಆದರೆ ಉಸಿರು ಎಳೆಯುವುದೂ ಅದನ್ನೇ.

ಕಣ್ಣಿಗೆ ಕಾಣುವ ಬಿಳಿ ಮಂಜು ಕಾರ್ಬನ್ ಡೈಆಕ್ಸೈಡ್ ಅಲ್ಲ. ಅದು ತಣ್ಣಗಾದ ನೀರಾವಿಯ ಸಣ್ಣ ಹನಿ. ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಂಜು ಮಾಯವಾದ ಮೇಲೂ ಅದು ಕೋಣೆಯಲ್ಲೇ ಇರುತ್ತದೆ. "ಹೊಗೆ ಹೋಯ್ತಲ್ಲ, ಇನ್ನೇನು" ಅನ್ನುವಂತಿಲ್ಲ. "ಎಸಿ ಓಡ್ತಾ ಇದೆಯಲ್ಲ" ಅನ್ನುವುದೂ ತಪ್ಪು ಧೈರ್ಯ. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಒಳಗಿನ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಣ್ಣಗೆ ಮಾಡುತ್ತದೆ. ಹೊರಗೆ ತೂಗುಹಾಕಿರುವ ಡಬ್ಬ ಬಿಸಿಯನ್ನು ಮಾತ್ರ ಹೊರಗೆ ಹಾಕುತ್ತದೆ.

ಹೆದರಿಸಲು ಹೇಳುತ್ತಿಲ್ಲ, ಆದರೆ ಇದು ಗೊತ್ತಿರಬೇಕು. 2020ರ ಫೆಬ್ರವರಿಯಲ್ಲಿ ಮಾಸ್ಕೋದ ಒಂದು ಸೌನಾದಲ್ಲಿ ಹುಟ್ಟುಹಬ್ಬದ ಪಾರ್ಟಿ ನಡೆದಿತ್ತು. ಮಂಜು ಬರಲಿ ಅಂತ ಈಜುಕೊಳಕ್ಕೆ ಸುಮಾರು 25 ಕೆಜಿ ಡ್ರೈ ಐಸ್ ಸುರಿದರು. ಮೂವರು ಸತ್ತರು. ನೀವು ಹಾಕುವುದು ಅಷ್ಟಿಲ್ಲ. ಆದರೆ ತಂದಿಡುವ ಥರ್ಮಾಕೋಲ್ ಪೆಟ್ಟಿಗೆ ಎಲ್ಲಿದೆ? ಹುಡುಗಿಯರು ಊಟ ಮಾಡುವ ಪುಟ್ಟ ಪ್ಯಾಂಟ್ರಿಯಲ್ಲೇ? ಅಲ್ಲೂ ಅದು ಸದ್ದಿಲ್ಲದೆ ಆವಿಯಾಗುತ್ತಲೇ ಇರುತ್ತದೆ. ಗಾಜು ಮುಚ್ಚಿದ ಕಾರಿನಲ್ಲಿ ತರುವುದೂ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕುವುದೂ ಅಷ್ಟೇ ಕೆಟ್ಟದು. ಡಬ್ಬಿ ಸಿಡಿಯುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟ ಹಾಗೆ ಆಗುತ್ತದೆ. 2024ರಲ್ಲಿ ಗುರುಗ್ರಾಮದ ಒಂದು ಹೋಟೆಲಿನಲ್ಲಿ ಊಟ ಆದ ಮೇಲೆ ಮೌತ್ ಫ್ರೆಶ್‌ನರ್ ಅಂತ ಡ್ರೈ ಐಸ್ ಬಾಯಿಗೆ ಹಾಕಿಕೊಂಡವರು ರಕ್ತ ಕಾರಿ ಆಸ್ಪತ್ರೆ ಸೇರಿದ್ದರು. ಹಾಗಾಗಿ ವೆಲ್‌ಕಮ್ ಡ್ರಿಂಕ್‌ಗೆ ಒಂದು ಚೂರು ಹಾಕೋಣ ಅನ್ನುವ ಯೋಚನೆಯೂ ಬೇಡ. ಲಿಕ್ವಿಡ್ ನೈಟ್ರೋಜನ್ ಯಾರಾದರೂ ಮಾರಲು ಬಂದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿ.

ಥಿಯೇಟರ್‌ನವರು ಬಳಸುವ ಫಾಗ್ ಮಷೀನ್ ಆಗಬಹುದಾ ಅಂತ ನೀವು ಕೇಳಿಲ್ಲ, ಆದರೆ ಮುಂದಿನ ವಾರ ಯಾರೋ ಹೇಳೇ ಹೇಳುತ್ತಾರೆ. ಅದರಲ್ಲಿ ಕಾದು ಆವಿಯಾಗುವುದು ಗ್ಲೈಕಾಲ್ ಬೆರೆಸಿದ ದ್ರವ. ಮುಚ್ಚಿದ ಸಣ್ಣ ಕೋಣೆಯಲ್ಲಿ ಗಂಟಲು ಕೆರೆಯುತ್ತದೆ, ಅಸ್ತಮಾ ಇರುವವರಿಗೆ ಕಷ್ಟ. ಟೈಲ್ಸ್ ಮೇಲೆ ಜಿಡ್ಡು ಕೂತು ಎಣ್ಣೆ ಹಚ್ಚಿದ ಕಾಲು ಜಾರುತ್ತದೆ. ಸ್ಮೋಕ್ ಡಿಟೆಕ್ಟರ್ ಇದ್ದರೆ ಕಿರುಚಿಕೊಳ್ಳುತ್ತದೆ. ಅದಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿಟ್ಟವರನ್ನು ನೋಡಿದ್ದೇನೆ. ಅಂಥ ಬುದ್ಧಿವಂತಿಕೆ ಮಾತ್ರ ಬೇಡ.

ಮಂಜು ಬೇಕೇ ಬೇಕು ಅಂದರೆ ಎರಡು ದಾರಿ ಇದೆ. ಒಂದು ಅಲ್ಟ್ರಾಸಾನಿಕ್ ಮಿಸ್ಟ್ ಮೇಕರ್. ನೀರಿನಲ್ಲಿ ಮುಳುಗಿಸಿಡುವ ಪುಟ್ಟ ಬಿಲ್ಲೆ. ಅದು ಸೆಕೆಂಡಿಗೆ ಸುಮಾರು 17 ಲಕ್ಷ ಸಲ ಅದುರಿ ನೀರನ್ನು ಹೊಗೆಯಂತೆ ಎಬ್ಬಿಸುತ್ತದೆ. ಅನಿಲದ ಭಯ ಇಲ್ಲ. ಆದರೆ ಒಂದು ಎಚ್ಚರಿಕೆ ಇದೆ: ನೀರಿನಲ್ಲಿ ಏನಿದೆಯೋ ಅದೆಲ್ಲ ಗಾಳಿಗೆ ಬರುತ್ತದೆ, ಉಪ್ಪಿನಂಶವೂ, ಬ್ಯಾಕ್ಟೀರಿಯಾವೂ. ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಮುಂಬಯಿ ಕಟ್ಟಡಗಳ ಮೇಲಿನ ಟ್ಯಾಂಕ್ ನೀರು ವರ್ಷವಿಡೀ ಅಷ್ಟೇ ಬಿಸಿ ಇರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಬರಬಹುದು. ಅದಕ್ಕೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಪ್ರತಿ ಗಿರಾಕಿಗೂ ಹೊಸ ನೀರು. ರಾತ್ರಿ ಬಟ್ಟಲು, ಬಿಲ್ಲೆ ಎರಡನ್ನೂ ಒರೆಸಿ ಒಣಗಿಸಿಡಿ. ಅದೇ ನೀರಿಗೆ ಎಣ್ಣೆ ತೊಟ್ಟಿಕ್ಕಿಸಬೇಡಿ.

ಎರಡನೆಯದು ನನಗೆ ಇಷ್ಟವಾದದ್ದು: ಕುದಿಸಿದ ನೀರು. ಕಂಚಿನ ಉರುಳಿಯಲ್ಲಿ ಮಜ್ಜಿಗೆ ಹುಲ್ಲು, ಜಜ್ಜಿದ ಶುಂಠಿ, ನಾಲ್ಕು ತುಳಸಿ ಎಲೆ ಇಟ್ಟು, ಗಿರಾಕಿ ಕೂತ ಮೇಲೆ ಅವರ ಕಣ್ಣೆದುರೇ ಕೆಟಲ್‌ನಿಂದ ನಿಧಾನ ಸುರಿಯಿರಿ. ಎಸಿ ಕೋಣೆಯಲ್ಲಿ ಹಬೆ ಚೆನ್ನಾಗಿ ಏಳುತ್ತದೆ. ಆದರೂ ಕಾಣಿಸಲ್ಲ ಅಂತ ಎಲ್ಲರೂ ದೂರುತ್ತಾರೆ, ಯಾಕೆಂದರೆ ದೀಪ ಮೇಲಿರುತ್ತದೆ. ಹಬೆ, ಮಂಜು ಯಾವುದೇ ಇರಲಿ, ಬೆಳಕು ಹಿಂದಿನಿಂದ ಅಥವಾ ಪಕ್ಕದಿಂದ ಬಿದ್ದರೆ ಮಾತ್ರ ಎದ್ದು ಕಾಣುತ್ತದೆ. ಹಿಂದೆ ಕಪ್ಪು ಅಥವಾ ಕಡು ಬಣ್ಣದ ಗೋಡೆ ಇರಬೇಕು. ಉರುಳಿಯ ಹಿಂದೆ, ಗಿರಾಕಿಯ ಕಣ್ಣಿಗೆ ಬೀಳದ ಹಾಗೆ ಒಂದು ಪುಟ್ಟ ಎಲ್‌ಇಡಿ ಇಡಿ, ಮೇಲಿನ ದೀಪ ಆರಿಸಿ. ನಾಟಕದ ಲೈಟಿಂಗ್ ಮಾಡುವ ಯಾರನ್ನೇ ಕೇಳಿ, ಮೊದಲು ಹೇಳುವುದು ಇದನ್ನೇ. ಒಂದು ಹಿಡಿ ಹಬೆ ಸಾಕು, ಕೋಣೆ ತುಂಬಿದ ಹಾಗೆ ಕಾಣುತ್ತದೆ. ಉರುಳಿಯನ್ನು ಪಾದ ತಗಲದಷ್ಟು ದೂರ ಇಡಿ. ಅದು ಬರೀ ನೋಡುವುದಕ್ಕೆ. ಪಾದ ಮುಳುಗಿಸುವ ನೀರು ಬೇರೆ, ಬೆಚ್ಚಗಷ್ಟೇ ಇರಲಿ.

ಇಷ್ಟೆಲ್ಲ ಕೇಳಿ "ಹಾಗಾದರೆ ಈ ನಾಟಕವೇ ಬೇಡವಾ" ಅಂತ ನಿಮಗೆ ಅನಿಸಬಹುದು. ಬೇಕು. ಸ್ಪಾದಲ್ಲಿ ನಾಟಕ ಇರುವುದು ತಪ್ಪಲ್ಲ. ಜರ್ಮನಿ ಕಡೆಯ ಸೌನಾಗಳಲ್ಲಿ ಆಫ್‌ಗುಸ್ ಅನ್ನುವ ಪದ್ಧತಿ ಇದೆ. ಕಾದ ಕಲ್ಲಿನ ಮೇಲೆ ಸುವಾಸನೆಯ ನೀರು ಹೊಯ್ದು, ಟವಲ್ ಬೀಸಿ ಬಿಸಿ ಗಾಳಿಯನ್ನು ಕೂತವರ ಕಡೆ ತಳ್ಳುತ್ತಾರೆ. ಸಂಗೀತ, ವೇಷ, ಕಥೆ ಎಲ್ಲಾ ಸೇರಿಸಿ ಅದರಲ್ಲಿ ವಿಶ್ವ ಚಾಂಪಿಯನ್‌ಶಿಪ್ಪೇ ನಡೆಯುತ್ತದೆ. ಅಲ್ಲಿ ಗಮನಿಸಬೇಕಾದ್ದು ಏನೆಂದರೆ, ಆಟ ಮತ್ತು ಟ್ರೀಟ್‌ಮೆಂಟ್ ಬೇರೆಬೇರೆ ಅಲ್ಲ. ಟವಲ್ ಬೀಸಿದರೆ ನೋಡಲು ಚಂದ, ಮೈಗೆ ಬಿಸಿಯೂ ತಾಗುತ್ತದೆ. ನಿಮ್ಮ ಡ್ರೈ ಐಸ್ ಪಾದಕ್ಕೆ ಏನನ್ನೂ ಮಾಡುವುದಿಲ್ಲ.

ನೀವು ಕುಂದಾಪುರದ ಕಡೆಯವರು, ಯಕ್ಷಗಾನದಲ್ಲಿ ಬಣ್ಣದ ವೇಷದ ಒಡ್ಡೋಲಗ, ಅಂದರೆ ರಾಕ್ಷಸ ಪಾತ್ರದ ಪ್ರವೇಶ, ನೋಡಿಯೇ ಇರುತ್ತೀರಿ. ವೇಷ ರಂಗಸ್ಥಳಕ್ಕೆ ಬಂದಾಗಿರುತ್ತದೆ, ಆದರೆ ತೆರೆ ಹಿಡಿದಿರುತ್ತಾರೆ. ಚೆಂಡೆ ಏರುತ್ತಿರುತ್ತದೆ. ತೆರೆಯ ಮೇಲೆ ಕಿರೀಟದ ತುದಿ ಕಾಣುತ್ತದೆ, ಮರೆಯಾಗುತ್ತದೆ. ಮುಖ ಕಾಣುವ ಹೊತ್ತಿಗೆ ಮಕ್ಕಳು ಅಮ್ಮನ ಸೆರಗು ಹಿಡಿದಾಗಿರುತ್ತದೆ. ಖರ್ಚು ಒಂದು ತುಂಡು ಬಟ್ಟೆ. ಮಾಲ್‌ನ ಸ್ಪಾ ಬಾಗಿಲು ತೆಗೆದ ಕೂಡಲೇ ಮಂಜು, ದೀಪ, ನಾದ, ವಾಸನೆ ಎಲ್ಲವನ್ನೂ ಒಟ್ಟಿಗೆ ತೋರಿಸಿಬಿಡುತ್ತದೆ. ಆಮೇಲೆ ಐವತ್ತೈದು ನಿಮಿಷ ಕಾಯಲು ಏನೂ ಉಳಿಯುವುದಿಲ್ಲ. ಅವರ ಜೊತೆ ಸಾಮಾನಿನಲ್ಲಿ ಪೈಪೋಟಿ ಮಾಡಿದರೆ ನೀವು ಸೋಲುತ್ತೀರಿ. ಯಾವುದನ್ನು ಯಾವಾಗ ತೋರಿಸಬೇಕು ಅನ್ನುವುದರಲ್ಲಿ ಗೆಲ್ಲಬಹುದು.

ಇದಕ್ಕೆ ಒಂದು ಹಳೆಯ ಪ್ರಯೋಗದ ಬೆಂಬಲವೂ ಇದೆ. 1993ರಲ್ಲಿ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು ಜನರ ಕೈಯನ್ನು 14 ಡಿಗ್ರಿ ತಣ್ಣೀರಿನಲ್ಲಿ ಒಂದು ನಿಮಿಷ ಇಡಿಸಿದರು. ಇನ್ನೊಮ್ಮೆ ಅದೇ ಒಂದು ನಿಮಿಷ, ಆಮೇಲೆ ಮತ್ತೆ 30 ಸೆಕೆಂಡು. ಆ 30 ಸೆಕೆಂಡಿನಲ್ಲಿ ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸಿದರು. ಯಾವುದನ್ನು ಮತ್ತೆ ಮಾಡುತ್ತೀರಿ ಅಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಕಷ್ಟ ಒಟ್ಟಿಗೆ ಜಾಸ್ತಿಯೇ, ಆದರೆ ಕೊನೆ ಸ್ವಲ್ಪ ಹಿತವಾಗಿತ್ತು. ಅನುಭವದ ತುತ್ತತುದಿಯನ್ನೂ ಕೊನೆಯನ್ನೂ ಮನಸ್ಸು ಹಿಡಿದಿಟ್ಟುಕೊಳ್ಳುತ್ತದೆ, ನಡುವಿನದು ಮಸುಕಾಗುತ್ತದೆ. ಈಗ ನಮ್ಮ ಸ್ಪಾಗಳು ಹೇಗೆ ಮುಗಿಯುತ್ತವೆ ನೋಡಿ. ಟ್ಯೂಬ್‌ಲೈಟ್ ಹಾಕುತ್ತಾರೆ. "ಮೇಡಂ, ಆಯ್ತು" ಅನ್ನುತ್ತಾರೆ. ಎಣ್ಣೆ ಮೈಯಲ್ಲೇ ಎದ್ದು ಕೂತವರ ಕೈಗೆ ಫೋನ್ ಕೊಟ್ಟು ರಿವ್ಯೂ ಬರೆಯಿರಿ ಅನ್ನುತ್ತಾರೆ. ಒಂದು ಗಂಟೆ ಮಾಡಿದ್ದೆಲ್ಲ ಅಲ್ಲಿಗೆ ಕೆಡುತ್ತದೆ.

ಹಾಗಾಗಿ ಇಡೀ ಟ್ರೀಟ್‌ಮೆಂಟ್‌ನಲ್ಲಿ ಒಂದೇ ಒಂದು ದೊಡ್ಡ ಕ್ಷಣ ಇರಲಿ, ಕೊನೆ ಒಂದು ಚೆನ್ನಾಗಿರಲಿ. ದೊಡ್ಡ ಕ್ಷಣಕ್ಕೆ ನನ್ನ ಆಯ್ಕೆ ನೊರೆ. ಟರ್ಕಿಯ ಹಮಾಮ್‌ಗಳಲ್ಲಿ ಮಾಡುವುದು ಇದು. ಅಲ್ಲಿ ಇಡೀ ಮೈಗೆ ಮಾಡುತ್ತಾರೆ, ನಿಮ್ಮಲ್ಲಿ ಪಾದ ಮತ್ತು ಮೊಣಕಾಲವರೆಗೆ ಸಾಕು. ತೆಳುವಾದ ಹತ್ತಿಯ ತಲೆದಿಂಬಿನ ಕವರ್ ಒಂದನ್ನು ಮೃದು ಸೋಪು ಕದಡಿದ ಬೆಚ್ಚಗಿನ ನೀರಿನಲ್ಲಿ ಅದ್ದಿ ಲಘುವಾಗಿ ಹಿಂಡಿ. ಬಾಯಿ ಅಗಲಿಸಿ ಗಾಳಿಯಲ್ಲಿ ಒಮ್ಮೆ ಬೀಸಿದರೆ ಬಲೂನಿನಂತೆ ಉಬ್ಬುತ್ತದೆ. ಕೂಡಲೇ ಬಾಯಿಯನ್ನು ಒಂದು ಕೈಯಲ್ಲಿ ತಿರುಚಿ ಹಿಡಿಯಿರಿ. ಇನ್ನೊಂದು ಕೈಯಿಂದ ಮೇಲಿಂದ ಕೆಳಗೆ ಹಿಂಡುತ್ತಾ ಬನ್ನಿ. ಬಟ್ಟೆಯ ಎಳೆಗಳ ನಡುವಿಂದ ದಪ್ಪ ನೊರೆ ಉಕ್ಕಿ ಪಾದದ ಮೇಲೆ ಬೀಳುತ್ತದೆ. ಎರಡು ಮೂರು ಸಲ ಬೀಸಿದರೆ ಪಾದ ಕಾಣದಷ್ಟು. ನೋಡಲು ಮೋಡ, ಮುಟ್ಟಿದರೆ ತೂಕವೇ ಇಲ್ಲ, ಕೇಳಿದರೆ ಸಣ್ಣಗೆ ಚಿಟಚಿಟ ಸದ್ದು. ವಿಡಿಯೊಗೂ ಬಹಳ ಚೆನ್ನಾಗಿ ಬರುತ್ತದೆ, ಅದು ನಿಮಗೆ ಮುಖ್ಯ ಅಲ್ವಾ. ಕವರ್ ಬೀಸುವ ಕೈಚಳಕ ಬರಲು ಹುಡುಗಿಯರಿಗೆ ಸ್ವಲ್ಪ ಅಭ್ಯಾಸ ಬೇಕು. ವಾಸನೆ ಇಲ್ಲದ ಸೋಪು ತಗೊಳ್ಳಿ. ನೆಲಕ್ಕೆ ರಬ್ಬರ್ ಮ್ಯಾಟ್ ಹಾಸಿ.

ಸುವಾಸನೆಗೆ ಬರೋಣ. ನಿಮ್ಮ ಗಿರಾಕಿಗಳು ಇಬ್ಬರೂ ಸರಿಯೇ ಹೇಳುತ್ತಿದ್ದಾರೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದನ್ನು ಗಮನಿಸುವುದು ಬಿಟ್ಟುಬಿಡುತ್ತದೆ. ಥೆರಪಿಸ್ಟ್ ಬೆಳಿಗ್ಗೆಯಿಂದ ಒಳಗೇ ಇರುತ್ತಾಳೆ. ಅವಳಿಗೆ ಏನೂ ಬರುತ್ತಿಲ್ಲ, ಡಿಫ್ಯೂಸರ್‌ಗೆ ಇನ್ನೂ ನಾಲ್ಕು ಹನಿ ಹಾಕುತ್ತಾಳೆ. ಹೊರಗಿಂದ ಬಂದವರ ಮೂಗಿಗೆ ಅದು ಹೊಡೆದ ಹಾಗೆ ಆಗುತ್ತದೆ. ಅವರೇ ಅರ್ಧ ಗಂಟೆ ಆದ ಮೇಲೆ "ಏನೂ ಬರ್ತಾ ಇಲ್ಲ" ಅನ್ನುತ್ತಾರೆ. ಮೂಗನ್ನು ನಂಬಿ ಹನಿ ಹಾಕುವುದನ್ನು ನಿಲ್ಲಿಸಿ, ಗಡಿಯಾರ ನೋಡಿ ಹಾಕಿ. ಇಷ್ಟು ಹನಿ, ಇಷ್ಟು ನಿಮಿಷ, ಆಮೇಲೆ ಬಂದ್. ಇನ್ನೂ ಒಳ್ಳೆಯದು ಡಿಫ್ಯೂಸರನ್ನೇ ಬಿಟ್ಟು, ವಾಸನೆ ಬಂದು ಹೋಗುವ ಹಾಗೆ ಮಾಡುವುದು. ಶುರುವಿನಲ್ಲಿ ಬಿಸಿ ಟವಲ್‌ನಲ್ಲಿ ಮಜ್ಜಿಗೆ ಹುಲ್ಲು. ನಡುವೆ ಏನೂ ಇಲ್ಲ. ಕೊನೆಯಲ್ಲಿ ಬೇರೆ ಇನ್ನೊಂದು.

ಆ ಇನ್ನೊಂದಕ್ಕೆ ಲಾವಂಚ ನೋಡಿ. ಒಣ ಬೇರಿನ ಕಟ್ಟೊಂದನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಪುಟ್ಟ ಬೀಸಣಿಗೆಯಂತೆ ಮುಖದ ಹತ್ತಿರ ಎರಡು ಸಲ ಬೀಸಿ. ತಂಪು ಗಾಳಿ, ಮಣ್ಣಿನ ವಾಸನೆ ಒಟ್ಟಿಗೆ ಬರುತ್ತದೆ. ಮಷೀನ್ ಇಲ್ಲ, ಕರೆಂಟ್ ಇಲ್ಲ. ಬೇಕಾದರೆ ಸ್ಟೇಷನ್ ಹೊರಗೆ ಸಿಗುವ ಮೊಗ್ರಾ ದಂಡೆಯ ಒಂದು ತುಂಡನ್ನು ಮುಖದ ತೂತಿನ ಕೆಳಗಿನ ಬಟ್ಟಲಲ್ಲಿ ಇಡಿ. ಬೋರಲು ಮಲಗಿದವರಿಗೆ ಕಾಣುವುದು ಬರೀ ಟೈಲ್ಸ್ ಮತ್ತು ನಿಮ್ಮ ಹುಡುಗಿಯ ಚಪ್ಪಲಿ. ಅಲ್ಲಿ ಏನಾದರೂ ಇರಬೇಕು. ನೀವೇ ಒಮ್ಮೆ ಬೆಡ್ ಮೇಲೆ ಪೂರ್ತಿ ಒಂದು ಗಂಟೆ ಮಲಗಿ ನೋಡಿ. ಯಾವ ದೀಪ ಕಣ್ಣಿಗೆ ಚುಚ್ಚುತ್ತದೆ, ಪಕ್ಕದ ಕೋಣೆಯ ಹೇರ್ ಡ್ರೈಯರ್ ಎಷ್ಟು ಕೇಳುತ್ತದೆ ಎಲ್ಲಾ ಗೊತ್ತಾಗುತ್ತದೆ.

ಎಣ್ಣೆಗಳ ಬಗ್ಗೆ "ನ್ಯಾಚುರಲ್ ಅಲ್ವಾ, ಏನೂ ಆಗಲ್ಲ" ಅನ್ನುವವರೇ ಜಾಸ್ತಿ. ಎಸೆನ್ಶಿಯಲ್ ಆಯಿಲ್ ಬಹಳ ಗಾಢವಾದ ವಸ್ತು. ಮೈಗೆ ಹಚ್ಚುವ ಎಣ್ಣೆಯಲ್ಲಿ ಶೇಕಡಾ 2 ಸಾಕು, ಅಂದರೆ 30 ಮಿಲೀ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಗೆ ಸುಮಾರು 12 ಹನಿ. ಮುಖಕ್ಕೆ ಅದರ ಅರ್ಧ. ದಾಲ್ಚಿನ್ನಿ ಎಣ್ಣೆ ಚರ್ಮಕ್ಕೆ ಬೇಡವೇ ಬೇಡ, ಉರಿ ಮತ್ತು ಅಲರ್ಜಿ ಎರಡೂ ತರುತ್ತದೆ. ಬರ್ಗಮಾಟ್ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ನಿಲ್ಲಬಹುದು. ಕರ್ಪೂರ, ನೀಲಗಿರಿ ಎಣ್ಣೆಗಳನ್ನು ಮೂರ್ಛೆರೋಗ ಇರುವವರಿಗೆ ಮತ್ತು ಚಿಕ್ಕ ಮಕ್ಕಳಿಗೆ ಬಳಸಬೇಡಿ. ಗರ್ಭಿಣಿಯರು, ಅಸ್ತಮಾ ಅಥವಾ ಮೈಗ್ರೇನ್ ಇರುವವರು ಬಂದರೆ ವಾಸನೆ ಇಲ್ಲದ ಎಣ್ಣೆಯೇ ಇರಲಿ. ಸಾಂಬ್ರಾಣಿ ಹಾಕೋಣ ಅನ್ನುವವರು ಕೆಂಡ ಎಲ್ಲಿಡುತ್ತೇವೆ ಅಂತ ಯೋಚಿಸುವುದಿಲ್ಲ. ಊರಿನ ಬಾಣಂತಿ ಕೋಣೆಗೆ ಹೆಂಚಿನ ಮಾಡು ಇತ್ತು, ಸಂದಿಯಲ್ಲಿ ಹೊಗೆ ಹೋಗುತ್ತಿತ್ತು. ನಿಮ್ಮ ಕೋಣೆಗೆ ಇರುವುದು ಫಾಲ್ಸ್ ಸೀಲಿಂಗ್. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಡ್ರೈ ಐಸ್‌ಗಿಂತ ಕೆಟ್ಟದು.

ಬಿಸಿ ಟವಲ್ ಅಂದೆ. ಬಿಸಿ-ತಂಪು ಬದಲಾವಣೆಯಷ್ಟು ಮೈ ಎಚ್ಚರಗೊಳಿಸುವುದು ಬೇರೊಂದಿಲ್ಲ, ಅಷ್ಟೇ ಬೇಗ ಅಪಾಯವನ್ನೂ ತರುತ್ತದೆ. 60 ಡಿಗ್ರಿ ನೀರು ಐದು ಸೆಕೆಂಡಿನ ಆಸುಪಾಸಿನಲ್ಲೇ ಆಳವಾಗಿ ಸುಡಬಲ್ಲದು. ಕ್ಯಾಬಿನೆಟ್‌ನಿಂದ ತೆಗೆದ ಟವಲನ್ನು ಬಿಡಿಸಿ ಒಮ್ಮೆ ಕೊಡವಿ, ಥೆರಪಿಸ್ಟ್ ತನ್ನ ಮಣಿಕಟ್ಟಿನ ಒಳಭಾಗಕ್ಕೆ ಇಟ್ಟು ನೋಡಿದ ಮೇಲೆ ಮುಂದಿನ ಕೆಲಸ. ಸಕ್ಕರೆ ಕಾಯಿಲೆ ಇದೆಯಾ ಅಂತ ಪ್ರತಿಯೊಬ್ಬರನ್ನೂ ಕೇಳಿ. ಅವರ ಪಾದಕ್ಕೆ ಸ್ಪರ್ಶ ಕಡಿಮೆ ಇದ್ದರೆ ಸುಡುತ್ತಿರುವುದೇ ಗೊತ್ತಾಗುವುದಿಲ್ಲ, "ಬಿಸಿ ಸರಿ ಇದೆಯಾ" ಅಂದರೆ ಸರಿ ಅಂತಲೇ ಹೇಳುತ್ತಾರೆ.

ದೀಪ, ನಾದದ ಬಗ್ಗೆ ಚಿಕ್ಕದಾಗಿ. ಹಳದಿ ಬೆಳಕಿನ, ಮಂದ ಮಾಡಬಹುದಾದ ಎಲ್‌ಇಡಿ ಸಾಕು. ಮಿನುಗುವ ಡಿಮ್ಮರ್ ಬೇಡ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಝಗಝಗಿಸುವ ದೀಪ ಕೆಲವರಿಗೆ ಮೂರ್ಛೆ ತರಿಸಬಹುದು. ಬಣ್ಣದ ಬಲ್ಬ್ ರೋಗ ವಾಸಿ ಮಾಡುವುದಿಲ್ಲ. ಚರ್ಮಕ್ಕೆ ಕೆಂಪು, ನೀಲಿ ಬೆಳಕಿನ ಚಿಕಿತ್ಸೆ ಇದೆ, ನಿಜ. ಆದರೆ ಅದು ನಿಗದಿತ ತರಂಗದ, ಚರ್ಮಕ್ಕೆ ಹತ್ತಿರ ಹಿಡಿಯುವ ಬೇರೆಯೇ ಉಪಕರಣ. ಟಿಬೆಟಿನ ಬಟ್ಟಲು ಏಳು ಲೋಹದ್ದು ಅಂತ ಮಾರುತ್ತಾರೆ, ಹೆಚ್ಚಿನವು ತಾಮ್ರ ಮತ್ತು ತವರ ಸೇರಿದ ಕಂಚು. ನಾದ ಮಾತ್ರ ಚೆನ್ನಾಗಿರುತ್ತದೆ, ಅಷ್ಟಕ್ಕೇ ಬಳಸಿ. ಕಿವಿಯಿಂದ ದೂರ, ಶುರುವಿಗೊಮ್ಮೆ, ಕೊನೆಗೊಮ್ಮೆ. ಮುಂಬಯಿಯ ಪ್ರತಿ ಸ್ಪಾದಲ್ಲೂ ಕೇಳುವ ಆ ಕೊಳಲು ಮತ್ತು ಜಲಪಾತದ ಟ್ರ್ಯಾಕ್ ದಯವಿಟ್ಟು ಬೇಡ. ಅದನ್ನು ಕೇಳಿದರೆ ಅರ್ಧ ಜನಕ್ಕೆ ಬಾತ್‌ರೂಮಿಗೆ ಹೋಗಬೇಕು ಅನಿಸುತ್ತದೆ. ಬೇರೆಯವರ ರೆಕಾರ್ಡ್ ಸಂಗೀತ ಹಾಕಿದರೆ ಅಂಗಡಿಯಲ್ಲಿ ನುಡಿಸುವುದಕ್ಕೆ ಪಿಪಿಎಲ್, ಐಪಿಆರ್‌ಎಸ್‌ನಂಥ ಸಂಸ್ಥೆಗಳ ಲೈಸೆನ್ಸ್ ವಿಷಯ ಬರುತ್ತದೆ, ಅದನ್ನೂ ನೋಡಿಕೊಳ್ಳಿ.

ಇನ್ನು ಆ ವಿಷ ತೆಗೆಯುವ ಮಷೀನ್. ಉಪ್ಪು ನೀರಿನಲ್ಲಿ ಪಾದ ಇಡುತ್ತಾರೆ, ಕರೆಂಟ್ ಹರಿಸುತ್ತಾರೆ, ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, "ನೋಡಿ ಎಷ್ಟು ವಿಷ" ಅನ್ನುತ್ತಾರೆ. ಅದು ಮಷೀನಿನ ಕಬ್ಬಿಣದ ಎಲೆಕ್ಟ್ರೋಡ್‌ನಿಂದ ಬಂದ ತುಕ್ಕು. ಮಾರಲು ಬಂದವನಿಗೆ ಒಂದೇ ಮಾತು ಹೇಳಿ: ಪಾದ ಇಡದೆ, ಬರೀ ಉಪ್ಪು ನೀರಿನಲ್ಲಿ ಅರ್ಧ ಗಂಟೆ ಓಡಿಸಿ ತೋರಿಸು ಅಂತ. ಆಗಲೂ ನೀರು ಕಂದೇ ಆಗುತ್ತದೆ. ಮಹಾರಾಷ್ಟ್ರದಲ್ಲಿ ಎಲ್ಲರಿಗೂ ಗೊತ್ತಿರುವ ಕಂಚಿನ ಬಟ್ಟಲಿನ ಪಾದಾಭ್ಯಂಗವೂ ಹೀಗೇ ಮಾರಾಟವಾಗುತ್ತದೆ. ತುಪ್ಪ ಹಚ್ಚಿ ಬಟ್ಟಲಿನಿಂದ ಉಜ್ಜಿದಾಗ ಅಂಗಾಲು ಕಪ್ಪಾಗುವುದು ದೇಹದ ಉಷ್ಣವೋ ವಿಷವೋ ಹೊರಬಂದು ಅಲ್ಲ. ತುಪ್ಪದ ಕೊಬ್ಬಿನಾಮ್ಲ, ಬೆವರು ಮತ್ತು ಬಟ್ಟಲಿನ ತಾಮ್ರ ಸೇರಿ ಆಗುವ ಬಣ್ಣ ಅದು. ಆದರೆ ಇವೆರಡನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಕಂಚಿನ ಬಟ್ಟಲಿನ ಮಸಾಜ್ ನಿಜಕ್ಕೂ ಹಿತ, ನುಣುಪಾದ ಲೋಹ ಅಂಗಾಲಿನ ಮೇಲೆ ಜಾರುವ ಅನುಭವವೇ ಬೇರೆ. ಅದನ್ನು ಖಂಡಿತ ಇಟ್ಟುಕೊಳ್ಳಿ. ಕಪ್ಪಾದಾಗ ಗಿರಾಕಿ ಏನಿದು ಅಂತ ಕೇಳಿದರೆ ಇದ್ದದ್ದನ್ನು ಹೇಳಿ. ಮಷೀನ್‌ನಲ್ಲಿ ಸುಳ್ಳನ್ನು ತೆಗೆದರೆ ಏನೂ ಉಳಿಯುವುದಿಲ್ಲ.

ವೆಲ್‌ಕಮ್ ಡ್ರಿಂಕ್‌ಗೆ ಸಣ್ಣ ಆಟ ಬೇಕಿದ್ದರೆ ಶಂಖಪುಷ್ಪದ ಕಷಾಯ ಇದೆ. ಕಡು ನೀಲಿ ಇರುತ್ತದೆ, ಗಿರಾಕಿಯೇ ನಿಂಬೆ ಹಿಂಡಿದರೆ ನೇರಳೆ ಆಗುತ್ತದೆ. ಹೂವಿನ ಬಣ್ಣ ಹುಳಿಗೆ ಬದಲಾಗುವುದು ಅಷ್ಟೇ. ಮಾಲ್‌ನವರ ಡ್ರೈ ಐಸ್ ಜ್ಯೂಸ್‌ಗಿಂತ ಚೆನ್ನಾಗಿರುತ್ತದೆ.

ಎಪ್ಪತ್ತು ಸಾವಿರದಲ್ಲಿ ದೊಡ್ಡ ಪಾಲನ್ನು ಗಾಳಿಗೆ ಇಡಿ ಅಂದರೆ ನಿಮಗೆ ಬೇಸರವಾಗಬಹುದು, ಯಾಕೆಂದರೆ ಅದು ವಿಡಿಯೊದಲ್ಲಿ ಕಾಣುವುದಿಲ್ಲ. ಆದರೂ ಅದೇ ಮೊದಲು. ಡ್ರೈ ಐಸ್ ಇಲ್ಲದಿದ್ದರೂ ಮುಚ್ಚಿದ ಕೋಣೆಯಲ್ಲಿ ಇಬ್ಬರು ಗಂಟೆಗಟ್ಟಲೆ ಉಸಿರಾಡಿದರೆ ಗಾಳಿ ಭಾರವಾಗುತ್ತದೆ. ಗಿರಾಕಿ "ಯಾಕೋ ಮಂಕು ಹಿಡಿದ ಹಾಗಿದೆ" ಅನ್ನುವುದು ಎಷ್ಟೋ ಸಲ ರಿಲ್ಯಾಕ್ಸ್ ಆಗಿ ಅಲ್ಲ. ಪ್ರತಿ ಕೋಣೆಗೂ ಆರಿಂಚಿನ ಎಕ್ಸಾಸ್ಟ್ ಹಾಕಿಸಿ, ಫಾಲ್ಸ್ ಸೀಲಿಂಗ್ ಮೇಲಿಂದ ಪೈಪು ಕಟ್ಟಡದ ಹೊರಗೆ ಹೋಗಬೇಕು. ಕಾರಿಡಾರಿಗೆ ಬಿಟ್ಟರೆ ಪ್ರಯೋಜನ ಇಲ್ಲ. ಬಾಗಿಲ ಕೆಳಗೆ ಮುಕ್ಕಾಲು ಇಂಚು ಸಂದಿ ಇರಲಿ, ಇಲ್ಲದಿದ್ದರೆ ಒಳಗೆ ಬರುವ ಗಾಳಿಗೆ ದಾರಿ ಇರುವುದಿಲ್ಲ. ಗೋಡೆ ಕೊರೆಯಲು ಸೊಸೈಟಿಯ ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ. ಜೊತೆಗೆ ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ಕೊಳ್ಳಿ. ಡಬ್ಬದ ಮೇಲೆ ಎನ್‌ಡಿಐಆರ್ ಅಂತ ಬರೆದಿರಬೇಕು, ಅಂದರೆ ಇನ್‌ಫ್ರಾರೆಡ್ ಬೆಳಕಿನಿಂದ ಅನಿಲವನ್ನೇ ಅಳೆಯುವಂಥದ್ದು. ಅಗ್ಗದ ಕೆಲವು ಮೀಟರ್‌ಗಳು ಅನಿಲವನ್ನು ಅಳೆಯುವುದಿಲ್ಲ, ಬೇರೆ ಆವಿಗಳಿಂದ ಅಂದಾಜು ಮಾಡುತ್ತವೆ. ಸ್ಪಾದಲ್ಲಿ ಲ್ಯಾವೆಂಡರ್ ಎಣ್ಣೆಯ ಬಾಟಲಿ ತೆರೆದರೂ ಸಾಕು, ಹುಚ್ಚೆದ್ದು ಓಡುತ್ತವೆ. ಮೀಟರನ್ನು ಥೆರಪಿಸ್ಟ್ ಕೂರುವ ಎತ್ತರದಲ್ಲಿ ಇಡಿ. 1,000 ಪಿಪಿಎಂ ಒಳಗಿದ್ದರೆ ನೆಮ್ಮದಿ. ಮಿಕ್ಕ ಹಣದಲ್ಲಿ ಉರುಳಿ, ಹತ್ತಿ ಕವರ್‌ಗಳು, ಕಂಚಿನ ಬಟ್ಟಲು, ಮಂದ ದೀಪ ಎಲ್ಲಾ ಬರುತ್ತದೆ.

ರೇಟ್ ಖಂಡಿತ ಏರಿಸಬಹುದು. ನೊರೆಗೆ ಸಮಯ ಹಿಡಿಯುತ್ತದೆ, ಕೈಚಳಕ ಬೇಕು, ಅದಕ್ಕೆ ಬೆಲೆ ಕೇಳಲು ಸಂಕೋಚ ಬೇಡ. ಹುಡುಗಿಯರಿಗೂ ಅದರಲ್ಲಿ ಪಾಲು ಸಿಗಲಿ. ಮೆನುವಿನಲ್ಲಿ ಏನು ಬರೆಯುತ್ತೀರಿ ಅನ್ನುವುದರಲ್ಲಿ ಮಾತ್ರ ಹುಷಾರು. "ಬಿಸಿ ನೊರೆ, ಕಂಚಿನ ಬಟ್ಟಲು, ಲಾವಂಚದ ಗಾಳಿ, 45 ನಿಮಿಷ" ಅಂತ ಬರೆಯಿರಿ, ಧಾರಾಳವಾಗಿ ಬರೆಯಿರಿ. ಸಕ್ಕರೆ ಕಾಯಿಲೆ ಇಳಿಯುತ್ತದೆ, ಬಿಪಿ ಕಮ್ಮಿಯಾಗುತ್ತದೆ ಅಂತ ಬರೆದರೆ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಅಡ್ಡ ಬರುತ್ತದೆ, 2019ರ ಗ್ರಾಹಕ ರಕ್ಷಣಾ ಕಾಯ್ದೆಯೂ ಇದೆ. ಮಷೀನ್‌ನವನು ಕೊಟ್ಟ ಬ್ರೋಷರ್‌ನ ಸಾಲುಗಳನ್ನು ನಿಮ್ಮ ಇನ್‌ಸ್ಟಾಗ್ರಾಮ್‌ಗೆ ಹಾಕಲೇಬೇಡಿ. ದೂರು ಬಂದರೆ ಉತ್ತರ ಕೊಡಬೇಕಾದವರು ನೀವು, ಅವನು ಅಷ್ಟು ಹೊತ್ತಿಗೆ ಫೋನ್ ನಂಬರ್ ಬದಲಾಯಿಸಿರುತ್ತಾನೆ.